ಶರತ್ತಿನ ಕೈತೋಟಕ್ಕೆ ನೆಲಹೊದಿಕೆ ಗಿಡಗಳು: ಗುರುತಿಸುವ ಮತ್ತು ಕೊಳ್ಳುವ ಕ್ರಮ

ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳಲ್ಲಿ ವರ್ಷದ ಅತಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ರೈತರ ಲೆಕ್ಕದಲ್ಲಿ ಹೇಳುವುದಾದರೆ ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಈ ಅವಧಿಯೇ ನಮ್ಮ ಬಯಲುಸೀಮೆಯ ನೆಲ ನಿಜವಾಗಿ ತಣಿಯುವ ಕಾಲ. ಬೋರ್‌ವೆಲ್ ನೀರನ್ನೇ ನಂಬಿಕೊಂಡ ಮನೆಗಳಲ್ಲಿ ಹೊಸ ಗಿಡ ನೆಡಲು ಇದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿಲ್ಲ. ಮಣ್ಣಿನಲ್ಲಿ ತೇವವಿರುತ್ತದೆ, ಬಿಸಿಲು ಹದವಾಗಿರುತ್ತದೆ, ನೆಟ್ಟ ಗಿಡ ಬೇಸಿಗೆ ಬರುವ ಮುನ್ನ ಬೇರು ಇಳಿಸಿಕೊಳ್ಳಲು ಮೂರು ನಾಲ್ಕು ತಿಂಗಳ ಬಿಡುವು ಸಿಗುತ್ತದೆ.

ಖಾಲಿ ನೆಲವನ್ನು ಮುಚ್ಚಿಕೊಂಡು ಅಡ್ಡಡ್ಡ ಹರಡುವ, ಸಾಮಾನ್ಯವಾಗಿ ಒಂದು ಅಡಿಗಿಂತ ಎತ್ತರ ಬೆಳೆಯದ ಗಿಡಗಳನ್ನು ನೆಲಹೊದಿಕೆ ಗಿಡಗಳು ಎನ್ನುತ್ತೇವೆ; ನರ್ಸರಿಗಳಲ್ಲಿ ಇವುಗಳನ್ನು ‘ಗ್ರೌಂಡ್ ಕವರ್’ ಎಂದೇ ಕೇಳಬೇಕಾಗುತ್ತದೆ. ಇವು ಕೇವಲ ಅಂದಕ್ಕಾಗಿ ಇರುವಂಥವಲ್ಲ. ನಮ್ಮ ಮರಳುಮಿಶ್ರಿತ ಕೆಮ್ಮಣ್ಣು ಬರಿದಾಗಿದ್ದರೆ ಬಿರುಮಳೆಯ ಹೊಡೆತಕ್ಕೆ ಅದರ ಮೇಲ್ಪದರ ಹೆಪ್ಪುಗಟ್ಟಿ, ಒಣಗಿದ ಮೇಲೆ ಗಡುಸಾಗುತ್ತದೆ. ಮುಂದಿನ ಮಳೆಯ ನೀರು ಇಂಗದೆ ಮಣ್ಣನ್ನೂ ಕೊಚ್ಚಿಕೊಂಡು ಚರಂಡಿ ಸೇರುತ್ತದೆ. ಎಲೆಗಳ ಹೊದಿಕೆ ಇದ್ದ ಕಡೆ ಹನಿಯ ಹೊಡೆತ ತಗ್ಗುತ್ತದೆ, ನೀರು ನಿಧಾನವಾಗಿ ಇಂಗುತ್ತದೆ, ಕಳೆಗಳಿಗೆ ಬೆಳಕು ಸಿಗುವುದಿಲ್ಲ, ಗಾಳಿಗೆ ದೂಳೂ ಏಳುವುದಿಲ್ಲ.

ಆದರೆ ಸೆಪ್ಟೆಂಬರಿನಲ್ಲಿ ನರ್ಸರಿಗೆ ಹೋದರೆ ಎಲ್ಲ ಗಿಡವೂ ಹಸುರಾಗಿ, ತುಂಬಿಕೊಂಡು ಕಾಣುತ್ತದೆ. ಮಳೆಗಾಲದ ತೇವದಲ್ಲಿ ಚೆನ್ನಾಗಿ ಕಾಣದ ಗಿಡವೇ ಇಲ್ಲ. ಆ ಹಸುರನ್ನು ನೋಡಿ ಕೊಳ್ಳುವುದಕ್ಕಿಂತ, ಬರುವ ಏಪ್ರಿಲ್‌ನಲ್ಲಿ ಆ ಗಿಡಕ್ಕೆ ಕೊಡಲು ನಮ್ಮಲ್ಲಿ ಎಷ್ಟು ನೀರಿರುತ್ತದೆ ಎಂಬುದನ್ನು ಲೆಕ್ಕ ಹಾಕಿ ಕೊಳ್ಳಬೇಕು. ಈ ಲೇಖನದ ಎಲ್ಲ ಹೆಜ್ಜೆಗಳೂ ಆ ಒಂದು ಲೆಕ್ಕವನ್ನೇ ಆಧರಿಸಿವೆ.

ಮೊದಲ ಹೆಜ್ಜೆ: ಜಾಗವನ್ನು ಗಮನಿಸುವುದು

ಗಿಡ ಕೊಳ್ಳುವುದಕ್ಕೆ ಕನಿಷ್ಠ ಒಂದು ವಾರ ಮೊದಲು, ನೆಡಬೇಕಾದ ಜಾಗದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ ಮತ್ತು ಸಂಜೆ ನಾಲ್ಕಕ್ಕೆ ಬಿಸಿಲು ಎಲ್ಲಿ ಬೀಳುತ್ತದೆ ಎಂಬುದನ್ನು ನೋಡಿ ಗುರುತು ಹಾಕಿಕೊಳ್ಳಿ. ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೀಳುವುದು ಬಿಸಿಲಿನ ಜಾಗ. ಬೆಳಗಿನ ಎರಡು ಮೂರು ಗಂಟೆ ಮಾತ್ರ ಬಿಸಿಲು ಬಂದು ಹೋಗುವುದು ಅರೆನೆರಳು. ಮರದ ಅಡಿ ಅಥವಾ ಕಾಂಪೌಂಡ್ ಗೋಡೆಯ ಬುಡದಲ್ಲಿ ಬೆಳಕು ಮಾತ್ರ ಇರುವುದು ನೆರಳಿನ ಜಾಗ. ಶರತ್ಕಾಲದಲ್ಲಿ ಸೂರ್ಯನ ಪಥ ದಕ್ಷಿಣಕ್ಕೆ ವಾಲುತ್ತಾ ಹೋಗುವುದರಿಂದ, ಮನೆಯ ಉತ್ತರ ಬದಿಯಲ್ಲಿ ಈಗ ಇರುವ ಬಿಸಿಲು ಡಿಸೆಂಬರ್ ಹೊತ್ತಿಗೆ ಇರುವುದಿಲ್ಲ ಎಂಬುದನ್ನೂ ನೆನಪಿನಲ್ಲಿಡಬೇಕು.

ಮಣ್ಣನ್ನು ಒಂದು ಅಡಿ ಆಳ ಅಗೆದು ನೋಡಿ. ಹೊಸ ಬಡಾವಣೆಗಳಲ್ಲಿ ಕಟ್ಟಡದ ಗಾರೆ, ಸಿಮೆಂಟ್ ಚೂರು, ಜಲ್ಲಿ ಮಣ್ಣಿನಡಿ ಸೇರಿಕೊಂಡಿರುತ್ತವೆ. ಇವು ಮಣ್ಣನ್ನು ಕ್ಷಾರಗೊಳಿಸುವುದರಿಂದ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುತ್ತವೆ. ಅಂಥ ಕಡೆ ಅರ್ಧ ಅಡಿಯಷ್ಟಾದರೂ ಮಣ್ಣು ತೆಗೆದು ಕೆಮ್ಮಣ್ಣು ಮತ್ತು ಕೊಟ್ಟಿಗೆ ಗೊಬ್ಬರ ತುಂಬುವುದು ಅಗತ್ಯ. ಹಲವರು ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ತಂದು ಹಾಕುತ್ತಾರೆ; ಮರಳು ಹೆಚ್ಚಿರುವ ಮಣ್ಣಿಗೆ ಅದು ಒಳ್ಳೆಯದೇ, ಆದರೆ ಕಾಲು ಭಾಗಕ್ಕಿಂತ ಹೆಚ್ಚಾದರೆ ಮಳೆಯಲ್ಲಿ ಜಿಗುಟಾಗಿ ಬೇರು ಕೊಳೆಯುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ.

ನೀರಿನ ಗುಣವೂ ಆಯ್ಕೆಯನ್ನು ನಿರ್ಧರಿಸುತ್ತದೆ. ಪಾವಗಡ, ಬಾಗೇಪಲ್ಲಿ ಮೊದಲಾದ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ತಿಳಿದ ಸಂಗತಿ. ಈ ಮೂರೂ ಜಿಲ್ಲೆಗಳ ಅನೇಕ ಕಡೆ ನೀರು ಗಡಸಾಗಿಯೂ ಇದೆ. ಫ್ಲೋರೈಡನ್ನು ಎಲ್ಲ ಗಿಡಗಳೂ ಸಮನಾಗಿ ತಡೆಯುವುದಿಲ್ಲ. ನೆರಳಿನ ನೆಲಹೊದಿಕೆ ಎಂದು ಧಾರಾಳವಾಗಿ ಮಾರಾಟವಾಗುವ ಸ್ಪೈಡರ್ ಪ್ಲಾಂಟ್ ಅದಕ್ಕೆ ಬೇಗ ಸೋಲುವ ಗಿಡಗಳಲ್ಲಿ ಒಂದು. ಅದರ ಎಲೆಯ ತುದಿಗಳು ಕಂದಾಗಿ ಸುಟ್ಟಂತೆ ಆಗುತ್ತವೆ, ಎಷ್ಟು ಗೊಬ್ಬರ ಹಾಕಿದರೂ ಸರಿಹೋಗುವುದಿಲ್ಲ. ಮನೆಯಲ್ಲಿ ಮಳೆನೀರು ಸಂಗ್ರಹದ ತೊಟ್ಟಿ ಇಲ್ಲದಿದ್ದರೆ ಈ ಗಿಡವನ್ನು ನೆಲಕ್ಕೆ ಹಾಕುವ ಯೋಚನೆ ಬಿಡುವುದು ಒಳ್ಳೆಯದು.

ಎರಡನೆಯ ಹೆಜ್ಜೆ: ಹರಡುವ ರೀತಿಯನ್ನು ಗುರುತಿಸುವುದು

ಹೂವಿನ ಬಣ್ಣ ನೋಡಿ ಗಿಡ ಗುರುತಿಸುವ ಅಭ್ಯಾಸವೇ ಹೆಚ್ಚು. ನೆಲಹೊದಿಕೆಯ ವಿಷಯದಲ್ಲಿ ಹೂವಿಗಿಂತ ಕಾಂಡವೇ ಹೆಚ್ಚು ತಿಳಿಸುತ್ತದೆ. ಕಾಂಡವನ್ನು ಮೆಲ್ಲಗೆ ಎತ್ತಿ ಅದರ ಗೆಣ್ಣುಗಳನ್ನು, ಅಂದರೆ ಎಲೆ ಹುಟ್ಟುವ ಗಂಟುಗಳನ್ನು, ಕೆಳಗಿನಿಂದ ನೋಡಿ. ಗೆಣ್ಣುಗೆಣ್ಣಿಗೂ ಬೇರು ಮೂಡಿದ್ದರೆ ಆ ಗಿಡ ಮಣ್ಣನ್ನು ಬಿಗಿಯಾಗಿ ಹಿಡಿಯುತ್ತದೆ, ಇಳಿಜಾರಿಗೂ ಬದುವಿಗೂ ಹೊಂದುತ್ತದೆ. ಆದರೆ ಅದೇ ಗುಣದಿಂದ ಪಕ್ಕದ ಪಾತಿಗೂ ನುಗ್ಗುತ್ತದೆ. ಒಂದೆಲಗ, ಹೊನಗೊನ್ನೆ, ವಾಂಡರಿಂಗ್ ಜ್ಯೂ ಈ ಗುಂಪಿನವು. ಕಾಂಡ ಹರಡಿಕೊಂಡಿದ್ದರೂ ಬೇರು ಬುಡದಲ್ಲಿ ಮಾತ್ರ ಇದ್ದರೆ ಅದು ಬಳುಕಿ ಹರಡುವ ಗಿಡ. ನೀಲಿ ಹೂವಿನ ಇವಾಲ್ವುಲಸ್ ಇದಕ್ಕೆ ಉದಾಹರಣೆ. ಇಂಥದು ಅಂಕೆಯಲ್ಲಿರುತ್ತದೆ, ಆದರೆ ಬುಡದ ಬೇರಿಗೆ ಪೆಟ್ಟಾದರೆ ಇಡೀ ಗಿಡ ಹೋಗುತ್ತದೆ. ಮೂರನೆಯದು ಗುಂಪುಗುಂಪಾಗಿ ಮರಿ ಒಡೆಯುವ ಗಿಡ. ಮೊಂಡೊ ಹುಲ್ಲು, ಗಿಡ್ಡ ರಿಯೋ ಹೀಗೆ ಬೆಳೆಯುತ್ತವೆ. ಇವು ನಿಧಾನ, ಆದರೆ ಒಮ್ಮೆ ಕೊಂಡರೆ ಮರಿ ಬಿಡಿಸಿ ಬಿಡಿಸಿ ನೆಡಬಹುದು.

ಕಾಂಡ ಮತ್ತು ಎಲೆಯ ದಪ್ಪದಿಂದ ನೀರಿನ ಅಗತ್ಯವನ್ನೂ ಊಹಿಸಬಹುದು. ರಸತುಂಬಿದ ದಪ್ಪ ಎಲೆ, ಸಣ್ಣ ಎಲೆ, ರೋಮವಿರುವ ಬೂದುಬಣ್ಣದ ಎಲೆ ಇವೆಲ್ಲ ಒಣಹವೆಗೆ ಹೊಂದಿಕೊಂಡ ಗಿಡದ ಲಕ್ಷಣಗಳು. ಅಗಲವಾದ, ತೆಳುವಾದ, ಹಿಡಿದರೆ ಮುದುಡುವ ಎಲೆ ನೆರಳನ್ನೂ ತೇವವನ್ನೂ ಬೇಡುತ್ತದೆ.

ಗಿಡದ ಹೆಸರು ತಿಳಿಯಲು ಮೊಬೈಲಿನ ಗೂಗಲ್ ಲೆನ್ಸ್ ಬಳಸುವವರು ಹೂವು, ಎಲೆಯ ಮೇಲ್ಭಾಗ, ಎಲೆಯ ಕೆಳಭಾಗ ಮತ್ತು ಗೆಣ್ಣು ಇವುಗಳನ್ನು ಬೇರೆಬೇರೆಯಾಗಿ ತೆಗೆದು ಹುಡುಕುವುದು ಸೂಕ್ತ. ಬಣ್ಣಬಣ್ಣದ ಎಲೆಯ ತಳಿಗಳಲ್ಲಿ ಅದು ಆಗಾಗ ತಪ್ಪುವುದರಿಂದ ಕೊನೆಯ ತೀರ್ಮಾನ ಕಣ್ಣಿನದೇ ಆಗಿರಲಿ.

ಮೂರನೆಯ ಹೆಜ್ಜೆ: ಒಂದರಂತೆ ಕಾಣುವ ಇನ್ನೊಂದನ್ನು ಬೇರ್ಪಡಿಸುವುದು

ನರ್ಸರಿಗಳಲ್ಲಿ ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

‘ಬ್ರಾಹ್ಮಿ’ ಎಂದು ಕೇಳಿದರೆ ಮೂರು ಬೇರೆಬೇರೆ ಗಿಡಗಳು ಸಿಗಬಹುದು. ಒಂದೆಲಗದ ಎಲೆ ಮೂತ್ರಪಿಂಡದ ಆಕಾರದ್ದು, ಅಂಚು ಗುಂಡುಗುಂಡಾದ ಹಲ್ಲುಗಳಂತೆ ಕತ್ತರಿಸಿದ್ದು, ಉದ್ದನೆಯ ತೊಟ್ಟು ಎಲೆಯ ಬುಡದ ಸೀಳಿನಲ್ಲಿ ಸೇರಿರುತ್ತದೆ. ತೊಟ್ಟು ಎಲೆಯ ನಡುಮಧ್ಯಕ್ಕೆ ಅಂಟಿಕೊಂಡು ಎಲೆ ಪುಟ್ಟ ಕೊಡೆಯಂತೆ ನಿಂತಿದ್ದರೆ ಅದು ಒಂದೆಲಗವಲ್ಲ, ಕೊಳದ ಅಂಚಿಗೆ ಬೆಳೆಸುವ ಹೈಡ್ರೊಕೊಟೈಲ್. ದಪ್ಪನೆಯ ಸಣ್ಣ ಎಲೆಗಳು ಕಾಂಡದ ಎರಡೂ ಬದಿಯಲ್ಲಿ ಎದುರೆದುರಾಗಿ ಜೋಡಿಯಾಗಿದ್ದು, ಬಿಳಿ ಅಥವಾ ತಿಳಿನೀಲಿಯ ಪುಟ್ಟ ಹೂವಿದ್ದರೆ ಅದು ನೀರುಬ್ರಾಹ್ಮಿ. ತಂಬುಳಿಗೆ, ಚಟ್ನಿಗೆ ಬೇಕಾದರೆ ಮೊದಲನೆಯದನ್ನೇ ಕೇಳಿ ಪಡೆಯಬೇಕು. ಮೂರಕ್ಕೂ ನಿರಂತರ ತೇವ ಬೇಕಾದ್ದರಿಂದ ಬಚ್ಚಲ ಅಥವಾ ಪಾತ್ರೆ ತೊಳೆಯುವ ಜಾಗದ ಬಳಿ, ಸೋಪಿಲ್ಲದ ನೀರು ಹರಿಯುವ ಕಡೆ ಮಾತ್ರ ಇವುಗಳಿಗೆ ಸ್ಥಳ ಕೊಡಿ.

ಟೇಬಲ್ ರೋಸ್ ಎಂದು ಕರೆಯುವ ಪೋರ್ಚುಲಾಕದಲ್ಲಿ ಎರಡು ಬಗೆ ಸಾಮಾನ್ಯ. ಸೂಜಿಯಂಥ ಗುಂಡನೆಯ ಎಲೆಯದು ಪೋರ್ಚುಲಾಕ ಗ್ರಾಂಡಿಫ್ಲೋರ. ಚಪ್ಪಟೆಯಾದ, ಚಮಚದ ಆಕಾರದ ಎಲೆಯದು ಇನ್ನೊಂದು ಬಗೆ, ಅದರ ಕಾಂಡ ಹೆಚ್ಚು ಬಲವಾಗಿ ಹರಡುತ್ತದೆ. ಸೊಪ್ಪಿನ ಸಾರಿಗೆ ಬಳಸುವ ಗೋಣಿಸೊಪ್ಪು ಇವೆರಡರ ದಾಯಾದಿ. ಚಪ್ಪಟೆ ಎಲೆಯ ಬಗೆಯನ್ನು ಅದೆಂದು ತಪ್ಪು ತಿಳಿಯುವುದುಂಟು, ಆದರೆ ಗೋಣಿಸೊಪ್ಪಿನ ಹೂವು ಹಳದಿಯ ಚುಕ್ಕೆಯಷ್ಟೇ ಇರುತ್ತದೆ. ನರ್ಸರಿಯ ಗಿಡಕ್ಕೆ ಔಷಧಿ ಸಿಂಪಡಿಸಿರುವ ಸಾಧ್ಯತೆ ಇರುವುದರಿಂದ ಅಲ್ಲಿಂದ ತಂದ ಯಾವ ಗಿಡದ ಸೊಪ್ಪನ್ನೂ ಹೊಸ ಚಿಗುರು ಬರುವವರೆಗೆ ಅಡುಗೆಗೆ ಬಳಸಬೇಡಿ.

ಕೆಂಪು, ಹಸುರು ಎಲೆಯ ಆಲ್ಟರ್ನಾಂತೆರವನ್ನು ಪಾರ್ಕುಗಳಲ್ಲಿ ಅಂಚು ಕಟ್ಟಲು ಬಳಸುತ್ತಾರೆ. ಇದು ಹೊನಗೊನ್ನೆ ಸೊಪ್ಪಿನ ಕುಲದ್ದೇ. ಕೋಲಾರದ ತೆಲುಗು ಮನೆಮಾತಿನವರು ಪೊನ್ನಗಂಟಿ ಎನ್ನುವುದು ಆ ಸೊಪ್ಪನ್ನೇ. ಬಣ್ಣದ ಬಗೆ ಬಿಸಿಲಿನಲ್ಲಿ ಮಾತ್ರ ಬಣ್ಣ ತಾಳುತ್ತದೆ, ನೆರಳಿನಲ್ಲಿ ಮಂಕಾಗುತ್ತದೆ. ತಿಂಗಳಿಗೊಮ್ಮೆ ಕತ್ತರಿ ಹಿಡಿಯಲು ಪುರುಸೊತ್ತಿಲ್ಲದವರಿಗೆ ಇದು ಹೇಳಿದ್ದಲ್ಲ. ಅಡುಗೆಗೂ ಆಗಬೇಕು, ನೆಲವೂ ಮುಚ್ಚಬೇಕು ಎನ್ನುವವರಿಗೆ ಹೊನಗೊನ್ನೆಯೇ ಉತ್ತಮ, ಕೊಯ್ದಷ್ಟೂ ಅದು ದಟ್ಟವಾಗುತ್ತದೆ.

ಇವಾಲ್ವುಲಸ್ ಬ್ರೆಜಿಲ್ ಕಡೆಯಿಂದ ಬಂದ ಗಿಡ; ಕಡುನೀಲಿ ಹೂವು ಬೆಳಿಗ್ಗೆ ಅರಳಿ ಮಧ್ಯಾಹ್ನದ ನಂತರ ಮುದುಡುತ್ತದೆ. ಅದೇ ಕುಲದ ನಮ್ಮ ವಿಷ್ಣುಕ್ರಾಂತಿ ಮಳೆಯ ನಂತರ ಜಲ್ಲಿಮಣ್ಣಿನ ಬಯಲುಗಳಲ್ಲಿ ತಾನಾಗಿಯೇ ಹುಟ್ಟುತ್ತದೆ. ಎಲೆ ಇನ್ನೂ ಸಣ್ಣದು, ಕಾಂಡ ತೆಳುವಾಗಿ ನೆಲಕ್ಕೆ ಅಂಟಿರುತ್ತದೆ, ಹೂವು ಸಾಸಿವೆಯ ಹೂವಿಗಿಂತಲೂ ಚಿಕ್ಕದು. ನರ್ಸರಿಯಲ್ಲಿ ಅದು ಸಿಗುವುದು ಅಪರೂಪ. ಖಾಲಿ ನಿವೇಶನದಲ್ಲಿ ಕಂಡರೆ ಬೇರುಸಹಿತ ಕೀಳುವ ಬದಲು ಬೀಜ ಬಲಿತ ಕಾಂಡವನ್ನು ತಂದು ಒಣ ಮೂಲೆಯಲ್ಲಿ ಉದುರಿಸುವುದು ಸರಿಯಾದ ದಾರಿ.

ನಾಲ್ಕು ಕಿರುಎಲೆಗಳು, ಹಳದಿ ಹೂವು ಇರುವ ಪಿಂಟೊ ಪೀನಟ್ ಕಡಲೆಕಾಯಿ ಗಿಡದಂತೆಯೇ ಕಾಣುತ್ತದೆ. ಕುಲವೂ ಅದೇ, ಆದರೆ ಕಡಲೆಕಾಯಿಗಾಗಿ ಇದನ್ನು ಬೆಳೆಸುವುದಿಲ್ಲ. ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದಿಡುವುದರಿಂದ ಮಾವು, ತೆಂಗು, ಸಪೋಟ ಮರಗಳ ನಡುವಿನ ನೆಲಕ್ಕೆ ಇದು ನನ್ನ ಮೊದಲ ಆಯ್ಕೆ. ಬೇಸಿಗೆಯಲ್ಲಿ ನೀರು ಕಡಿಮೆಯಾದರೆ ಕಂದುತ್ತದೆ, ಆದರೆ ಬೇರೂರಿದ ಗಿಡ ಮಳೆ ಬಿದ್ದೊಡನೆ ಮತ್ತೆ ಚಿಗುರುತ್ತದೆ.

ಕೊಳ್ಳಬಾರದವು

ಸಿಂಗಾಪುರ ಡೈಸಿ ಅಥವಾ ವೆಡೀಲಿಯ ಎಂಬ ಹೆಸರಿನಲ್ಲಿ ಹೊಳೆಯುವ ಎಲೆಯ, ಹಳದಿ ಹೂವಿನ ಗಿಡವೊಂದು ಕಡಿಮೆ ಬೆಲೆಗೆ ಎಲ್ಲೆಡೆ ಸಿಗುತ್ತದೆ. ಎಲೆಯ ಎರಡೂ ಪಕ್ಕದಲ್ಲಿ ಒಂದೊಂದು ಮೊನಚಾದ ಕಿವಿಯಿದ್ದು ಮೂರು ಭಾಗವಾದಂತೆ ಕಾಣುವುದೇ ಅದರ ಗುರುತು. ಜಗತ್ತಿನ ಅತಿ ಹಾನಿಕರ 100 ಆಕ್ರಮಣಕಾರಿ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸೇರಿರುವ ಗಿಡ ಇದು. ತುಂಡಾದ ಪ್ರತಿ ಗೆಣ್ಣೂ ಬೇರು ಬಿಡುವುದರಿಂದ, ಕತ್ತರಿಸಿ ಚರಂಡಿಗೋ ರಾಜಕಾಲುವೆಗೋ ಎಸೆದ ಒಂದು ಹಿಡಿ ಕಾಂಡ ಮಳೆಯಲ್ಲಿ ತೇಲಿ ಕೆರೆಯ ಅಂಗಳ ಸೇರಿ ಅಲ್ಲಿನ ಹುಲ್ಲುಗಾವಲನ್ನೇ ಮುಚ್ಚಿಬಿಡಬಲ್ಲದು. ಕೆರೆಗಳನ್ನೇ ನಂಬಿ ಬದುಕಿದ ಈ ಜಿಲ್ಲೆಗಳಲ್ಲಿ ಇದನ್ನು ನೆಡಲೇಬಾರದೆಂದು ಓದುಗರಲ್ಲಿ ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಹಳದಿ ಹೂವೇ ಬೇಕಾದವರು ಪಿಂಟೊ ಪೀನಟ್ ನೆಡಲಿ.

ಲಂಟಾನದ ವಿಷಯದಲ್ಲೂ ಎಚ್ಚರ ಬೇಕು. ದೇವರಾಯನದುರ್ಗದಂಥ ಕುರುಚಲು ಕಾಡುಗಳನ್ನು ಆವರಿಸಿರುವ ಮುಳ್ಳು ಲಂಟಾನ ಬೇರೆ, ನೇರಳೆ ಹೂವಿನ ಬಳುಕುವ ಲಂಟಾನ ಬೇರೆ. ಎರಡನೆಯದರ ಕಾಂಡದಲ್ಲಿ ಮುಳ್ಳಿರುವುದಿಲ್ಲ, ಎಲೆ ಚಿಕ್ಕದು, ಕೊಂಬೆಗಳು ನೆಲದತ್ತ ಬಾಗುತ್ತವೆ. ಬೇಸಿಗೆಯ ಬಿಸಿಲನ್ನು ಅದರಷ್ಟು ತಡೆಯುವ ಹೂಗಿಡ ಕಡಿಮೆ. ಆದರೂ ಕವರಿನಲ್ಲಿರುವ ಗಿಡದಲ್ಲಿ ಕಾಯಿಗೊಂಚಲು ಕಂಡರೆ ಅದನ್ನು ಬಿಟ್ಟುಬಿಡಿ. ಹಕ್ಕಿಗಳು ತಿಂದು ಬೀಜ ಹರಡುತ್ತವೆ. ದನ, ಮೇಕೆ ಕಟ್ಟುವ ಅಂಗಳದಲ್ಲಿ ಯಾವ ಲಂಟಾನವೂ ಬೇಡ, ಎಲೆ ಜಾನುವಾರುಗಳಿಗೆ ವಿಷ. ಅದೇ ರೀತಿ ಬಾಣದಾಕಾರದ ಎಲೆಯ ಸಿಂಗೋನಿಯಂ ಬಳ್ಳಿಯ ರಸ ಬಾಯಿಗೂ ಚರ್ಮಕ್ಕೂ ಉರಿ ತರುವುದರಿಂದ ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಅದನ್ನು ಕೈಗೆಟುಕುವ ಕಡೆ ನೆಡಬಾರದು.

ನಾಲ್ಕನೆಯ ಹೆಜ್ಜೆ: ಜಾಗಕ್ಕೆ ತಕ್ಕ ಆಯ್ಕೆ

ಬಿಸಿಲು ಹೆಚ್ಚು, ನೀರು ಕಡಿಮೆ ಇರುವ ಮುಂದಿನ ಅಂಗಳಕ್ಕೆ ಟೇಬಲ್ ರೋಸ್, ಬಳುಕುವ ಲಂಟಾನ, ಇವಾಲ್ವುಲಸ್, ಬೇಗ ಹರಡುವ ಬಣ್ಣದೆಲೆಯ ಗೆಣಸು ಹೊಂದುತ್ತವೆ. ಗೆಣಸಿಗೆ ಮೊದಲ ಎರಡು ತಿಂಗಳು ನೀರು ಧಾರಾಳ ಬೇಕು. ಅರೆನೆರಳಿಗೆ ದೊಡ್ಡಪತ್ರೆಯನ್ನು ಯಾಕೆ ಯಾರೂ ನೆಲಹೊದಿಕೆಯಾಗಿ ಯೋಚಿಸುವುದಿಲ್ಲವೋ ತಿಳಿಯದು. ದಪ್ಪ ಎಲೆಯ, ಬರ ತಾಳುವ, ಮುರಿದು ನೆಟ್ಟರೂ ಚಿಗುರುವ, ಮಗುವಿನ ಶೀತಕ್ಕೂ ಮಜ್ಜಿಗೆಯ ತಂಬುಳಿಗೂ ಒದಗುವ ಇಂಥ ಗಿಡವನ್ನು ಒಂದು ಕುಂಡಕ್ಕೆ ಸೀಮಿತಗೊಳಿಸುವುದು ನಷ್ಟವೇ ಸರಿ. ಅದನ್ನು ಒಂದು ಅಡಿ ಅಂತರದಲ್ಲಿ ನೆಟ್ಟು ತುದಿ ಚಿವುಟುತ್ತಾ ಬಂದರೆ ಎರಡು ಮೂರು ತಿಂಗಳಲ್ಲಿ ನೆಲ ಕಾಣದಂತೆ ಮುಚ್ಚುತ್ತದೆ.

ಮಾವಿನ ಮರದಡಿಯ ಒಣನೆರಳು ಎಲ್ಲಕ್ಕಿಂತ ಕಷ್ಟದ ಜಾಗ, ಯಾಕೆಂದರೆ ಮೇಲ್ಪದರದ ನೀರನ್ನೆಲ್ಲ ಮರದ ಬೇರುಗಳೇ ಹೀರುತ್ತವೆ. ಅಲ್ಲಿ ಎಲೆಯ ಅಡಿ ನೇರಳೆ ಬಣ್ಣವಿರುವ ಗಿಡ್ಡ ರಿಯೋ ಬದುಕುತ್ತದೆ. ದೋಣಿಯಾಕಾರದ ಪುಟ್ಟ ಹೊದಿಕೆಯೊಳಗೆ ಬಿಳಿ ಹೂ ಬಿಡುವುದು ಅದರ ಗುರುತು. ಮರದ ಬುಡದ ಸುತ್ತ ಎರಡು ಅಡಿ ಖಾಲಿ ಬಿಟ್ಟು, ಬೇರುಗಳನ್ನು ಕಡಿಯದೆ ಅವುಗಳ ನಡುವಿನ ಸಂದುಗಳಲ್ಲೇ ನೆಡಬೇಕು.

ಈ ಚಳಿಗಾಲಕ್ಕೆ ಮಾತ್ರ ಬಣ್ಣ ಬೇಕೆಂದರೆ ಅಲಿಸಮ್, ವರ್ಬಿನಾಗಳ ಬೀಜವನ್ನು ಅಕ್ಟೋಬರ್ ಒಳಗೆ ಬಿತ್ತಿ. ಬೇಸಿಗೆಗೆ ಇವು ಹೋಗಿಬಿಡುತ್ತವೆ.

ದಟ್ಟ ಹೊದಿಕೆಯಲ್ಲಿ ಹಾವು ಸೇರುತ್ತದೆ ಎಂಬ ಭಯ ಹಳ್ಳಿಮನೆಗಳಲ್ಲಿ ಸಹಜ, ಅದನ್ನು ತಳ್ಳಿಹಾಕುವಂತಿಲ್ಲ. ಬಾಗಿಲು ಮತ್ತು ಓಡಾಡುವ ದಾರಿಯ ಪಕ್ಕದಲ್ಲಿ ಮೂರು ಅಡಿ ಖಾಲಿ ನೆಲ ಬಿಟ್ಟು, ಆ ಖಾಲಿ ನೆಲದಾಚೆಯ ಅಂಚಿಗೆ ಟೇಬಲ್ ರೋಸ್, ಮೊಂಡೊ ಹುಲ್ಲಿನಂಥ ಅರ್ಧ ಅಡಿ ಮೀರದ ಗಿಡಗಳನ್ನೇ ಹಾಕಬೇಕು.

ಐದನೆಯ ಹೆಜ್ಜೆ: ಎಷ್ಟು ಗಿಡ ಬೇಕೆಂಬ ಲೆಕ್ಕ

ಪಾತಿಯ ಉದ್ದ ಮತ್ತು ಅಗಲವನ್ನು ಅಡಿಗಳಲ್ಲಿ ಗುಣಿಸಿ ಚದರಡಿ ಕಂಡುಕೊಳ್ಳಿ. ಗಿಡದಿಂದ ಗಿಡಕ್ಕೆ ಒಂದು ಅಡಿ ಅಂತರವಿದ್ದರೆ ಚದರಡಿಗೆ 1 ಗಿಡ, ಅರ್ಧ ಅಡಿ ಅಂತರವಾದರೆ 4, ನಾಲ್ಕು ಅಂಗುಲವಾದರೆ 9 ಗಿಡ ಬೇಕು. ಉದಾಹರಣೆಗೆ 10 ಅಡಿ ಉದ್ದ, 4 ಅಡಿ ಅಗಲದ ಪಾತಿ 40 ಚದರಡಿ. ಒಂದು ಅಡಿ ಅಂತರದ ದೊಡ್ಡಪತ್ರೆಗೆ 40 ಗಿಡ ಸಾಕು, ಅರ್ಧ ಅಡಿ ಅಂತರದ ಟೇಬಲ್ ರೋಸ್‌ಗೆ 160 ಬೇಕು, ನಾಲ್ಕು ಅಂಗುಲದ ಮೊಂಡೊ ಹುಲ್ಲಿಗೆ 360 ಬೇಕು. ಬಳುಕುವ ಲಂಟಾನವನ್ನು ಒಂದೂವರೆ ಅಡಿಗೆ ಒಂದರಂತೆ ನೆಟ್ಟರೆ ಅದೇ ಪಾತಿಗೆ 18 ಗಿಡ ಸಾಕಾಗುತ್ತದೆ.

ಅಷ್ಟನ್ನೂ ಕೊಳ್ಳಬೇಕಾಗಿಲ್ಲ. ಕಡ್ಡಿಯಿಂದ ಬೇರು ಬಿಡುವ ಗಿಡಗಳಲ್ಲಿ ಕಾಲು ಭಾಗ ಕೊಂಡು ಉಳಿದದ್ದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಉತ್ತರೆ ಮಳೆಯ ಹೊತ್ತಿಗೆ 40 ಟೇಬಲ್ ರೋಸ್ ತಂದು ನೆಟ್ಟರೆ ಅವುಗಳ ತುದಿಗಳಿಂದಲೇ ದೀಪಾವಳಿಯ ವೇಳೆಗೆ ಉಳಿದ ಜಾಗ ತುಂಬುತ್ತದೆ. ಮೊಂಡೊ ಹುಲ್ಲು, ರಿಯೋಗಳಲ್ಲಿ ತುಂಬಿಕೊಂಡ ಒಂದು ಕವರನ್ನು ಬಿಡಿಸಿದರೆ ಹಲವು ಮರಿಗಳು ಸಿಗುತ್ತವೆ, ಆದ್ದರಿಂದ ಇವುಗಳಲ್ಲಿ ಅಗ್ಗದ ಸಣ್ಣ ಕವರಿಗಿಂತ ದೊಡ್ಡ ಕವರೇ ಲಾಭ.

ಆರನೆಯ ಹೆಜ್ಜೆ: ನರ್ಸರಿಯಲ್ಲಿ ಗಿಡ ಪರೀಕ್ಷಿಸುವುದು

ಆಯುಧಪೂಜೆಗೆ ಮುಂಚಿನ ವಾರ ನರ್ಸರಿಗಳಲ್ಲಿ ನೂಕುನುಗ್ಗಲು. ಆಗ ಗಿಡ ಎತ್ತಿ ನೋಡಲು ವ್ಯಾಪಾರಿಗೂ ನಮಗೂ ತಾಳ್ಮೆ ಇರುವುದಿಲ್ಲ. ಅದಕ್ಕಿಂತ ಹತ್ತು ಹದಿನೈದು ದಿನ ಮೊದಲೇ, ಬೆಳಿಗ್ಗೆ ಹತ್ತರಿಂದ ಹನ್ನೆರಡರ ನಡುವೆ ಹೋಗಬೇಕು. ಟೇಬಲ್ ರೋಸ್ ಬಿಸಿಲೇರಿದ ಮೇಲೆ ಅರಳುವುದರಿಂದ ಬಣ್ಣವನ್ನು ಕಣ್ಣಾರೆ ಕಂಡು ಆರಿಸಬಹುದು. ತೋಟಗಾರಿಕೆ ಇಲಾಖೆಯ ನರ್ಸರಿಗಳಲ್ಲಿ ಹೆಚ್ಚಾಗಿ ಹಣ್ಣು ಮತ್ತು ತೋಟದ ಬೆಳೆಗಳ ಸಸಿಗಳೇ ಇರುತ್ತವೆ, ಆದರೂ ಒಮ್ಮೆ ವಿಚಾರಿಸಿ. ಅಪರೂಪದ ಬಗೆಗಳಿಗಾಗಿ ಬೆಂಗಳೂರಿನ ಲಾಲ್‌ಬಾಗ್ ಪಕ್ಕದ ಸಿದ್ದಾಪುರದ ಹಳೆಯ ನರ್ಸರಿಗಳಿಗೆ ಹೋಗುವವರೂ ಇದ್ದಾರೆ. ಸಾಧ್ಯವಾದಷ್ಟು ನಿಮ್ಮ ಊರಿನ ಬಿಸಿಲಿನಲ್ಲೇ ಬೆಳೆದ ಗಿಡ ಕೊಳ್ಳುವುದು ಮೇಲು.

ಮೊದಲು ಕವರನ್ನು ಕೈಯಲ್ಲಿ ತೂಗಿ. ತೆಂಗಿನ ನಾರಿನ ಪುಡಿಯಲ್ಲಿ ಬೆಳೆದದ್ದು ಹಗುರ, ಕೆಮ್ಮಣ್ಣಿನದು ಭಾರ. ನಾರಿನ ಪುಡಿಯ ಗಿಡ ನೋಡಲು ಸೊಂಪಾಗಿರುತ್ತದೆ, ಆದರೆ ನೆಲಕ್ಕೆ ಹಾಕಿದಾಗ ಆ ಉಂಡೆ ಬೇಗ ಒಣಗಿ ಸುತ್ತಲ ಮಣ್ಣಿನ ತೇವವನ್ನು ಎಳೆದುಕೊಳ್ಳುವುದಿಲ್ಲ. ಕೊಂಡರೆ ನೆಡುವಾಗ ಉಂಡೆಯ ಹೊರಭಾಗವನ್ನು ಬಿಡಿಸಿ ಮಣ್ಣಿಗೆ ಬೆರೆಸಬೇಕು. ನಂತರ ಕಾಂಡದ ಬುಡ ಹಿಡಿದು ಮೆಲ್ಲಗೆ ಎಳೆಯಿರಿ. ಸುಲಭವಾಗಿ ಸಡಿಲವಾದರೆ ಅದು ಮೊನ್ನೆ ಚುಚ್ಚಿದ ಕಡ್ಡಿ, ಬೇರಿಲ್ಲ. ಒಂದು ಕವರಿಗೆ ನಾಲ್ಕೈದು ಕಡ್ಡಿ ಚುಚ್ಚಿ ಪೊದೆಯಂತೆ ಕಾಣಿಸುವುದು ಸಾಮಾನ್ಯ. ಕವರಿನ ತಳದಿಂದ ಬೇರು ಹೊರಬಂದು ನರ್ಸರಿಯ ನೆಲಕ್ಕೆ ಇಳಿದಿದ್ದರೆ ಎತ್ತುವಾಗ ಮುಖ್ಯ ಬೇರುಗಳು ತುಂಡಾಗಿ ಮನೆಯಲ್ಲಿ ಬಾಡುತ್ತದೆ.

ವ್ಯಾಪಾರಿಯನ್ನು ಕೇಳಿ ಒಂದು ಗಿಡವನ್ನಾದರೂ ಕವರಿನಿಂದ ಹೊರತೆಗೆಸಿ ನೋಡಿ. ಬೇರು ಬೆಳ್ಳಗಿರಬೇಕು; ಕಂದಾಗಿ, ಮುಟ್ಟಿದರೆ ಸಿಪ್ಪೆ ಜಾರುವಂತಿದ್ದರೆ ಕೊಳೆತಿದೆ ಎಂದರ್ಥ. ಬೇರಿನಲ್ಲಿ ಅಲ್ಲಲ್ಲಿ ಊದಿಕೊಂಡ ಗಂಟುಗಳಿದ್ದರೆ ಅದು ಬೇರುಗಂಟು ಜಂತುವಿನ ಬಾಧೆ. ಟೊಮೆಟೊ ಬೆಳೆಯುವ ಕೋಲಾರ, ಚಿಕ್ಕಬಳ್ಳಾಪುರದ ರೈತರಿಗೆ ಇದರ ಕಾಟ ಚೆನ್ನಾಗಿ ಗೊತ್ತು. ಇಂಥ ಒಂದು ಗಿಡ ತಂದರೆ ಮನೆಯ ಟೊಮೆಟೊ, ಬದನೆ ಪಾತಿಗೂ ಅದು ಹಬ್ಬುತ್ತದೆ. ಪಿಂಟೊ ಪೀನಟ್ ಬೇರಿನಲ್ಲಿ ಮಾತ್ರ ಗಂಟುಗಳಿರುವುದು ಒಳ್ಳೆಯ ಲಕ್ಷಣ. ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ: ಸಾರಜನಕದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿದ್ದು ಉಗುರಿನಿಂದ ತಳ್ಳಿದರೆ ಉದುರುತ್ತದೆ, ಜಂತುವಿನ ಗಂಟು ಬೇರೇ ಊದಿದ್ದಾದ್ದರಿಂದ ಉದುರುವುದಿಲ್ಲ.

ಎಲೆಯ ಅಡಿ ಮತ್ತು ಗೆಣ್ಣಿನ ಸಂದುಗಳಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ. ಇರುವೆಗಳು ಕಾಂಡದ ಮೇಲೆ ಸಾಲಾಗಿ ಓಡಾಡುತ್ತಿದ್ದರೆ ಅಲ್ಲಿ ತಿಗಣೆಯೋ ಹೇನೋ ಇರುವ ಸಾಧ್ಯತೆ ಹೆಚ್ಚು. ಮಣ್ಣಿನ ಮೇಲ್ಪದರವನ್ನು ಕೆದಕಿ ನೋಡುವುದನ್ನು ಮರೆಯಬಾರದು. ಹೆಸರುಕಾಳಿನ ಗಾತ್ರದ ತಿಳಿಹಳದಿ ಮೊಟ್ಟೆಗಳ ಗುಂಪು ಸಿಕ್ಕಿದರೆ ಅದು ಆಫ್ರಿಕನ್ ಬಸವನಹುಳುವಿನದಿರಬಹುದು, ಆ ನರ್ಸರಿಯಿಂದ ಏನನ್ನೂ ತರಬೇಡಿ. ಜೇಕಿನ ಗಡ್ಡೆ ಕವರಿನಲ್ಲಿದ್ದರೂ ಹಾಗೆಯೇ, ನೆಲಹೊದಿಕೆಯ ನಡುವೆ ಹುಟ್ಟಿದ ಜೇಕನ್ನು ಕೀಳುವುದು ವರ್ಷಗಟ್ಟಲೆಯ ಕೆಲಸ.

ಕೊನೆಗೆ ವ್ಯಾಪಾರಿಯನ್ನು ಎರಡು ಪ್ರಶ್ನೆ ಕೇಳಿ: ಈ ಗಿಡ ಶೇಡ್ ನೆಟ್ (ನೆರಳಿನ ಬಲೆ) ಅಡಿ ಬೆಳೆದದ್ದೇ, ಬಿಸಿಲಿನಲ್ಲೇ? ಇದರ ತಾಯಿ ಗಿಡ ನೆಲದಲ್ಲಿ ಎಲ್ಲಾದರೂ ಇದೆಯೇ? ತಾಯಿ ಗಿಡವನ್ನು ತೋರಿಸುವ ನರ್ಸರಿಯಲ್ಲಿ, ಒಂದು ವರ್ಷದ ನಂತರ ನಿಮ್ಮ ಅಂಗಳ ಹೇಗಿರುತ್ತದೆ ಎಂಬುದನ್ನು ಅಲ್ಲೇ ಕಾಣಬಹುದು.

ಏಳನೆಯ ಹೆಜ್ಜೆ: ಮನೆಗೆ ತಂದು ನೆಡುವುದು

ಗಿಡಗಳನ್ನು ತೆರೆದ ಗಾಡಿಯಲ್ಲಿ ತರುವಾಗ ಒದ್ದೆ ಗೋಣಿಚೀಲ ಹೊದಿಸಿ; ಬಿಸಿಲಿಗಿಂತ ಹೆದ್ದಾರಿಯ ಗಾಳಿಯೇ ಎಲೆಗಳನ್ನು ಹೆಚ್ಚು ಒಣಗಿಸುತ್ತದೆ. ತಂದವುಗಳನ್ನು ಒಂದು ವಾರ ಹಳೆಯ ಗಿಡಗಳಿಂದ ದೂರವಿಟ್ಟು ಕೀಟಗಳಿಗಾಗಿ ಗಮನಿಸಿ, ಶೇಡ್ ನೆಟ್ ಗಿಡಗಳಾದರೆ ಆ ವಾರದಲ್ಲೇ ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸುತ್ತಾ ಬಿಸಿಲಿಗೆ ಒಗ್ಗಿಸಿ.

ಆ ವೇಳೆಯಲ್ಲಿ ಪಾತಿಯನ್ನು ಅರ್ಧ ಅಡಿ ಆಳ ಅಗೆದು, ಕಳೆಯನ್ನು ಬೇರು ಸಹಿತ ಆರಿಸಿ, ಚದರಡಿಗೆ ಒಂದು ಬೊಗಸೆಯಂತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಸ್ವಲ್ಪ ಬೇವಿನ ಹಿಂಡಿ ಬೆರೆಸಿ. ಹಸಿ ಗೊಬ್ಬರ ಹಾಕಿದರೆ ಗೊಣ್ಣೆಹುಳು ಬಂದು ಎಳೆಯ ಬೇರುಗಳನ್ನು ತಿನ್ನುತ್ತದೆ. ಸಂಜೆ ನಾಲ್ಕರ ನಂತರ, ಸಾಲಿನಿಂದ ಸಾಲಿಗೆ ಗಿಡಗಳು ಒಂದರ ಎದುರು ಒಂದು ಬಾರದಂತೆ ಓರೆಯಾಗಿ ನೆಟ್ಟರೆ ಇಳಿಜಾರಿನಲ್ಲಿ ನೀರು ನೇರ ಹರಿಯುವುದಿಲ್ಲ. ಕವರಿನಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಟ್ಟು, ನಡುವಿನ ನೆಲಕ್ಕೆ ಒಣಗಿದ ಹೊಂಗೆ ಎಲೆ ಅಥವಾ ಕಡಲೆಕಾಯಿ ಸಿಪ್ಪೆ ಹರಡಿ.

ಮಳೆ ಇಲ್ಲದ ದಿನಗಳಲ್ಲಿ ಮೊದಲ ಹತ್ತು ದಿನ ನಿತ್ಯ ತೆಳುವಾಗಿ, ನಂತರ ದಿನ ಬಿಟ್ಟು ದಿನ, ನವೆಂಬರ್ ಕೊನೆಯಿಂದ ವಾರಕ್ಕೆರಡು ಬಾರಿ ಆಳಕ್ಕೆ ಇಳಿಯುವಂತೆ ನೀರು ಕೊಡಿ. ಹೀಗೆ ಅಂತರ ಹೆಚ್ಚಿಸಿದರೆ ಬೇರು ತೇವವನ್ನು ಹುಡುಕಿಕೊಂಡು ಕೆಳಗಿಳಿಯುತ್ತದೆ. ದಿನವೂ ಚಿಮುಕಿಸಿದ ಗಿಡದ ಬೇರು ಮೇಲ್ಪದರದಲ್ಲೇ ಉಳಿದು ಮಾರ್ಚ್‌ನ ಬಿಸಿಲಿಗೆ ಬೆಂದುಹೋಗುತ್ತದೆ. ದೊಡ್ಡ ಪಾತಿಯಾದರೆ ಒಂದು ಅಡಿಗೊಂದು ರಂಧ್ರವಿರುವ ಹನಿ ನೀರಾವರಿ ಪೈಪನ್ನು ಗಿಡ ಹರಡುವ ಮೊದಲೇ ಎಳೆದುಬಿಡಿ.

ನೆಟ್ಟು ಆರು ವಾರವಾದ ಮೇಲೆ ಹರಡುವ ಗಿಡಗಳ ತುದಿಗಳನ್ನು ಒಮ್ಮೆ ಚಿವುಟಿ. ಚಿವುಟಿದ ಮೂರು ನಾಲ್ಕು ಅಂಗುಲದ ತುದಿಯಿಂದ ಕೆಳಗಿನ ಎಲೆಗಳನ್ನು ತೆಗೆದು, ಟೇಬಲ್ ರೋಸ್ ಮತ್ತು ದೊಡ್ಡಪತ್ರೆಯಾದರೆ ಅರ್ಧ ದಿನ ನೆರಳಿನಲ್ಲಿ ಗಾಯ ಒಣಗಿಸಿ, ಖಾಲಿ ಉಳಿದ ಜಾಗದಲ್ಲೇ ಚುಚ್ಚಿ. ಮಾಗಿಯ ಚಳಿ ಬಲಿಯುವ ಮುನ್ನ, ಅಂದರೆ ಡಿಸೆಂಬರ್ ಮೊದಲ ವಾರದೊಳಗೆ, ಈ ಕೆಲಸ ಮುಗಿಯಬೇಕು. ಆಮೇಲೆ ಚುಚ್ಚಿದ ಕಡ್ಡಿ ನಿಧಾನವಾಗಿ ಬೇರು ಬಿಡುವುದರಿಂದ ಬೇಸಿಗೆಗೆ ಅದರ ಬೇರು ಸಾಕಷ್ಟು ಆಳಕ್ಕೆ ಹೋಗಿರುವುದಿಲ್ಲ.